ಅಂಚಿನಲ್ಲಿ ನಿಂತವರು

ಕೋಟೆಯಲ್ಲಿ ತೆಗೆದ ಮನೆಯವರ ಫೋಟೋಗಳನ್ನು ಪ್ರಿಂಟ್ ಹಾಕಿಸಲು ಸಂಜೆಯೆಲ್ಲಾ ಕೂತು ಕ್ರಾಪ್ ಮಾಡಿದೆ. ಚಿತ್ರದುರ್ಗದವರಿಗೆ ಗೊತ್ತಲ್ಲ, ನೆಂಟರು ಬಂದರೆ ಕೋಟೆ ಹತ್ತಲೇಬೇಕು.

ಮೊಬೈಲ್‌ನ ಅಡ್ಡ ಫೋಟೋ ಸಾಮಾನ್ಯವಾಗಿ 4:3 ಅಳತೆಯದು, ಅಂದರೆ ಅಗಲ 4 ಪಾಲಾದರೆ ಎತ್ತರ 3 ಪಾಲು. 4×6 ಇಂಚಿನ ಪ್ರಿಂಟ್ 3:2. ಅಡ್ಡ ಫೋಟೋವನ್ನು 6 ಇಂಚು ಅಗಲಕ್ಕೆ ಕೂರಿಸಿದರೆ ಎತ್ತರ ನಾಲ್ಕೂವರೆ ಇಂಚು ಆಗುತ್ತದೆ. ಆ ಅರ್ಧ ಇಂಚು ಹೋಗಲೇಬೇಕು. ಸುಮ್ನೆ ಫೈಲ್ ಕೊಟ್ಟರೆ ಪ್ರಿಂಟ್ ಮೆಷಿನ್ ಸಾಮಾನ್ಯವಾಗಿ ಮೇಲೂ ಕೆಳಗೂ ಸಮವಾಗಿ ಕತ್ತರಿಸಿಬಿಡುತ್ತದೆ. ಕೆಳಗಿರುವುದು ಬರೀ ಬಂಡೆ, ಮೇಲಿರುವುದು ದೊಡ್ಡಪ್ಪನ ತಲೆ ಅಂತ ಮೆಷಿನ್‌ಗೆ ಗೊತ್ತಾಗುತ್ತಾ? ನಾನು ಪೂರ್ತಿ ಅರ್ಧ ಇಂಚನ್ನೂ ಬಂಡೆಯ ಕಡೆಯಿಂದಲೇ ತೆಗೆದೆ.

8×10 ಲೆಕ್ಕ ಬೇರೆ. ಎತ್ತರ 8 ಇಂಚಿಗೆ ಕೂರಿಸಿದರೆ ಅಗಲ 10 ಇಂಚು ದಾಟುತ್ತದೆ, ಹಾಗಾಗಿ ಅಲ್ಲಿ ಎಡ ಬಲ ಹೋಗುತ್ತದೆ. ಒಂದು ತುದಿಗೆ ಅಜ್ಜಿ, ಇನ್ನೊಂದು ತುದಿಗೆ ಚಿಕ್ಕಮ್ಮ. ಇಬ್ಬರನ್ನೂ ಬಿಡೋಕೆ ಮನಸ್ಸಿಲ್ಲ. ಎಲ್ಲರಿಗೂ ಜಾಗ ಬಿಟ್ಟುಕೊಟ್ಟು ಅಂಚಿಗೆ ಹೋಗಿ ನಿಲ್ಲೋರು ಯಾವಾಗಲೂ ಇವರೇ ಅಲ್ವಾ? ಮೇಲೆ ಕೆಳಗೆ ಬಿಳಿ ಪಟ್ಟಿ ಬಿಟ್ಟರೂ ಸರಿ, ಪೂರ್ತಿ ಫೋಟೋನೇ ಹಾಕಿ ಅಂತ ಸ್ಟುಡಿಯೋದಲ್ಲಿ ಹೇಳುತ್ತೇನೆ.

ನೀವೂ ಪ್ರಿಂಟ್ ಹಾಕಿಸುವುದಾದರೆ ಪಿಕ್ಸೆಲ್ ನೋಡಿಕೊಳ್ಳಿ. 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 4×6ಕ್ಕೆ 1200×1800, 8×10ಕ್ಕೆ 2400×3000 ಬೇಕು. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಫೋಟೋ ಕುಗ್ಗುತ್ತದೆ.