ಸೊನ್ನೆ ಸರಿ, ಎಷ್ಟರಲ್ಲಿ ಸೊನ್ನೆ?

ರಕ್ತ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳ ಅಸ್ಥಿಮಜ್ಜೆಯಲ್ಲಿ ಇನ್ನೆಷ್ಟು ರೋಗ ಉಳಿದಿದೆ ಎಂದು ಅಳೆಯುವುದು ನನ್ನ ಕೆಲಸ. ಕುಳಿತುಕೊಳ್ಳುವುದು ಫ್ಲೋ ಸೈಟೋಮೀಟರ್ ಮುಂದೆ, ಅಂದರೆ ಕೋಶಗಳನ್ನು ಒಂದೊಂದಾಗಿ ಓದಿ ಎಣಿಸುವ ಯಂತ್ರದ ಮುಂದೆ. ಮಗುವಿನ ಮುಖ ನಮಗೆ ಕಾಣುವುದಿಲ್ಲ. ಟ್ಯೂಬ್ ಬರುತ್ತದೆ, ಪರದೆಯ ಮೇಲೆ ಕೋಶಕ್ಕೊಂದರಂತೆ ಚುಕ್ಕಿಗಳು ಬೀಳುತ್ತವೆ. ‘ರೋಗ ಕಂಡುಬಂದಿಲ್ಲ’ ಎಂಬ ವರದಿಗೆ ಎಷ್ಟು ಬೆಲೆ ಎನ್ನುವುದು ಬಹುಪಾಲು ಮೂಳೆಗೆ ಸೂಜಿ ಇಳಿದಾಗಲೇ ತೀರ್ಮಾನವಾಗಿರುತ್ತದೆ ಎಂಬುದು ಇಲ್ಲಿ ಕುಳಿತೇ ನನಗೆ ಅರ್ಥವಾದದ್ದು.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರ್ ಆದ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಲ್ಲಿ ಚಿಕಿತ್ಸೆಯ ಸುಮಾರು ನಾಲ್ಕು ವಾರಗಳ ಮೊದಲ ಹಂತ ಮುಗಿದಾಗ ಬಹುತೇಕ ಮಕ್ಕಳ ಮಜ್ಜೆ ಸೂಕ್ಷ್ಮದರ್ಶಕದಡಿ ಶುದ್ಧವಾಗಿಯೇ ಕಾಣುತ್ತದೆ. ಆದರೆ ನೂರರಲ್ಲಿ ಐದಕ್ಕಿಂತ ಕಡಿಮೆ ಕೆಟ್ಟ ಕೋಶಗಳಿದ್ದರೆ ಕಣ್ಣಿನ ತೀರ್ಪನ್ನು ನಂಬುವ ಹಾಗಿಲ್ಲ. ಎಂಆರ್‌ಡಿ, ಅಂದರೆ ಅಳಿದುಳಿದ ರೋಗದ ಪರೀಕ್ಷೆ, ಹತ್ತು ಸಾವಿರ ಕೋಶಗಳಲ್ಲಿ ಒಂದನ್ನು ಹುಡುಕುತ್ತದೆ. ಈ 0.01% ಗೆರೆಯೇ ಎಲ್ಲರೂ ನೋಡುವ ಗೆರೆ. ರೋಗ ಮರುಕಳಿಸುವ ಅಪಾಯವನ್ನು ಇದು ವಯಸ್ಸಿಗಿಂತ, ಆರಂಭದ ಬಿಳಿ ರಕ್ತಕಣಗಳ ಎಣಿಕೆಗಿಂತ ಚೆನ್ನಾಗಿ ಹೇಳುತ್ತದೆ. ಚಿಕಿತ್ಸೆಯನ್ನು ತೀವ್ರಗೊಳಿಸುವ ನಿರ್ಧಾರವೂ ಇದರ ಮೇಲೆ ನಿಂತಿದೆ.

ಸಮಸ್ಯೆ ಇರುವುದು ಸಿರಿಂಜ್‌ನಲ್ಲಿ. ಮೊದಲ ಎಳೆತದಲ್ಲಿ ಬರುವುದು ಗಟ್ಟಿ ಮಜ್ಜೆ. ಎಳೆಯುತ್ತ ಹೋದಂತೆ ಸುತ್ತಲಿನ ರಕ್ತವೂ ನುಗ್ಗುತ್ತದೆ. ಹಳೆಯ ರೂಢಿಯಂತೆ ಮೊದಲ ಎಳೆತ ಸ್ಲೈಡ್‌ಗಳಿಗೆ, ಆಮೇಲಿನದು ವರ್ಣತಂತು ಪರೀಕ್ಷೆಗೆ, ಕೊನೆಯಲ್ಲಿ ಮಿಕ್ಕಿದ್ದು ಎಂಆರ್‌ಡಿಗೆ. ನೀರು ಬೆರೆತ ಹಾಲಿನಲ್ಲಿ ಕೊಬ್ಬಿನಂಶ ಅಳೆದಂತೆ! ಮಜ್ಜೆಯಲ್ಲಿ ರೋಗ 0.02% ಇದ್ದರೂ, ರಕ್ತದ ಕಣಗಳೇ ಅರ್ಧಕ್ಕಿಂತ ಹೆಚ್ಚು ಬೆರೆತ ಮಾದರಿಯಲ್ಲಿ ಅದು ಗೆರೆಯ ಕೆಳಗೆ ಜಾರಿಬಿಡಬಹುದು. ಯಂತ್ರ ಸುಳ್ಳು ಹೇಳಿರುವುದಿಲ್ಲ, ತನಗೆ ಕೊಟ್ಟದ್ದನ್ನು ಎಣಿಸಿರುತ್ತದೆ ಅಷ್ಟೆ. ಬೆರಕೆಯ ಸುಳಿವು ಪರದೆಯಲ್ಲೇ ಸಿಗುತ್ತದೆ: ರಕ್ತದಲ್ಲಿ ಹೇರಳವಾಗಿರುವ ಬಿಳಿ ಕಣಗಳಾದ ಬಲಿತ ನ್ಯೂಟ್ರೋಫಿಲ್‌ಗಳು ತುಂಬಿರುತ್ತವೆ, ಮಜ್ಜೆಯಲ್ಲೇ ಇರುವ ಮಾಸ್ಟ್ ಕೋಶಗಳು ಮತ್ತು ಎಳೆಯ ಕೆಂಪು ಕಣಗಳು ಹುಡುಕಿದರೂ ಸಿಗುವುದಿಲ್ಲ.

ಈ ಕುರಿತು ಸುತ್ತೋಲೆ ಹೊರಡಿಸಿ ಪ್ರಯೋಜನವಾಗಲಿಲ್ಲ. ಕೆಲಸ ಆದದ್ದು ನರ್ಸ್‌ಗಳಿಂದ. ಮಜ್ಜೆ ತೆಗೆಯುವ ಟ್ರೇಯಲ್ಲಿ ನಮ್ಮ ಟ್ಯೂಬನ್ನೇ ಮುಂದೆ ಇಟ್ಟು, ‘ಮೊದಲು ಇದಕ್ಕೆ’ ಎಂದು ಕೈಗೆ ಕೊಡುವ ಪದ್ಧತಿಯನ್ನು ಅವರು ಶುರುಮಾಡಿದರು. ಸ್ಲೈಡ್ ನೋಡುವವರಿಗೆ ಸಿಟ್ಟು ಬಂತು, ನಿಜ. ಸ್ಲೈಡ್‌ಗೆ ಅದೇ ಎಳೆತದ ನಾಲ್ಕಾರು ಹನಿ ಸಾಕು ಎಂದು ಒಪ್ಪಿಸಲು ಸ್ವಲ್ಪ ಕಾಲ ಹಿಡಿಯಿತು.

ಇನ್ನು ಎಣಿಕೆಯ ವಿಷಯ. ಒಂದೆರಡು ಚುಕ್ಕಿ ಕಂಡ ಮಾತ್ರಕ್ಕೆ ರೋಗ ಎನ್ನಲಾಗದು, ಗುಂಪೊಂದು ಕಾಣಬೇಕು. ಐದು ಲಕ್ಷ ಕೋಶಗಳನ್ನು ಓದಿಸಿದರೆ 0.01% ಎಂದರೆ ಐವತ್ತು ಚುಕ್ಕಿ. ಐವತ್ತು ಸಾವಿರವನ್ನಷ್ಟೇ ಓದಿಸಿದರೆ ಬರೀ ಐದು. ಎರಡೂ ವರದಿಗಳಲ್ಲಿ ‘ನೆಗೆಟಿವ್’ ಎಂದೇ ಬರೆದರೆ ಓದುವ ವೈದ್ಯರಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಆದ್ದರಿಂದ ಎಷ್ಟು ಕೋಶ ಓದಿಸಿದೆವು, ಎಷ್ಟರ ಮಟ್ಟಿನವರೆಗೆ ಕಾಣಬಹುದಿತ್ತು, ರಕ್ತ ಬೆರೆತಿತ್ತೇ ಎಂಬ ಮೂರನ್ನೂ ಫಲಿತಾಂಶದ ಪಕ್ಕದಲ್ಲೇ ಬರೆಯುತ್ತೇವೆ, ಪುಟದ ಅಡಿಯ ಸಣ್ಣಕ್ಷರದಲ್ಲಲ್ಲ. ಮಾದರಿ ತೀರಾ ತೆಳುವಾಗಿದ್ದರೆ ‘ಹೇಳಲಾಗದು’ ಎಂದೇ ಬರೆಯುತ್ತೇವೆ. ಮಗುವಿಗೆ ಇನ್ನೊಮ್ಮೆ ಸೂಜಿ ಚುಚ್ಚಿಸಬೇಕಾಗಬಹುದು ಎಂದು ಗೊತ್ತಿದ್ದೂ ಹಾಗೆ ಬರೆಯುವುದು ಕಷ್ಟ.

ಸರಿಯಾದ ಮಾದರಿಯಲ್ಲಿ ಏನೂ ಕಾಣದ ಮಕ್ಕಳಲ್ಲೂ ಕೆಲವರಿಗೆ ರೋಗ ಮರಳುತ್ತದೆ. ಹಾಗಾಗಿ ವೈದ್ಯರು ಕೋಶಗಳ ಜೀನ್ ಬದಲಾವಣೆಗಳನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. 2024ರಲ್ಲಿ ಪ್ರಕಟವಾದ ಮಕ್ಕಳ ಕ್ಯಾನ್ಸರ್ ಸಂಶೋಧನಾ ಬಳಗವಾದ ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್‌ನ ಅಧ್ಯಯನವೊಂದು ಸಾಮಾನ್ಯ ಅಪಾಯದ ಬಿ-ಕೋಶ (ಒಂದು ಬಗೆಯ ಬಿಳಿ ರಕ್ತಕಣ) ಲ್ಯುಕೇಮಿಯಾ ಮಕ್ಕಳಲ್ಲಿ, ಮರುಕಳಿಕೆಯ ಸಾಧ್ಯತೆ ತೀರಾ ಕಡಿಮೆ ಇದ್ದವರನ್ನು ಬಿಟ್ಟು, ಉಳಿದವರನ್ನು ಗಮನಿಸಿತು. ಕೀಮೋಥೆರಪಿಯೊಂದಿಗೆ ಬ್ಲಿನಾಟುಮೊಮಾಬ್ ಎಂಬ ಔಷಧ ಪಡೆದವರಲ್ಲಿ ಮೂರು ವರ್ಷಗಳ ರೋಗರಹಿತ ಬದುಕಿನ ಪ್ರಮಾಣ 96.0% ಇತ್ತು, ಬರೀ ಕೀಮೋ ಪಡೆದವರಲ್ಲಿ 87.9%.

ಸಂತೋಷದ ಸುದ್ದಿಯೇ, ಆದರೆ ನಮಗೆ ಹೊಸ ತಲೆನೋವು. ಆ ಔಷಧ ಹಿಡಿಯುವುದು ಬಿ-ಕೋಶಗಳ ಮೈಮೇಲಿರುವ ಸಿಡಿ19 ಎಂಬ ಪ್ರೋಟೀನ್ ಗುರುತನ್ನು; ನಾವು ಬಿ-ಕೋಶಗಳನ್ನು ಪತ್ತೆಹಚ್ಚುವುದೂ ಅದೇ ಗುರುತಿನಿಂದ. ಔಷಧದ ನಂತರ ಉಳಿದ ಕೆಟ್ಟ ಕೋಶಗಳು ಆ ಗುರುತನ್ನೇ ಕಳಚಿಕೊಂಡಿದ್ದರೆ ಹಳೆಯ ವಿಧಾನಕ್ಕೆ ಅವು ಸಿಗುವುದಿಲ್ಲ; ಸಿಡಿ22, ಸಿಡಿ24ರಂಥ ಬೇರೆ ಗುರುತುಗಳ ಜಾಡು ಹಿಡಿಯಬೇಕು. ಮಗು ಯಾವ ಔಷಧ ಪಡೆದಿದೆ ಎಂಬ ಕಾಲಂ ಖಾಲಿ ಇರುವ ಫಾರಂ ಬಂದರೆ ನಾನು ಟ್ಯೂಬ್ ತೆರೆಯುವ ಮುನ್ನ ವಾರ್ಡ್‌ಗೆ ಫೋನ್ ಮಾಡುತ್ತೇನೆ.