ಗಬ್ಬ ನಿಲ್ಲದ ಕುದುರೆ ಮತ್ತು ದನದ ಲೆಕ್ಕ

ಉಡುಪಿಯ ಸುತ್ತಮುತ್ತ ಕೆಲಸ ಮಾಡುವ ಪಶುವೈದ್ಯರ ಕೈ ಪಳಗುವುದು ದನದ ಹಟ್ಟಿಯಲ್ಲಿ. ಕಡಲತೀರದ ಸವಾರಿಗೆ, ಮದುವೆಯ ದಿಬ್ಬಣಕ್ಕೆ ಸಾಕಿದವು ಮತ್ತು ಹವ್ಯಾಸಕ್ಕೆಂದು ಘಟ್ಟದ ಮೇಲಿನಿಂದ ತಂದವು ಬಿಟ್ಟರೆ ಇಲ್ಲಿ ಕುದುರೆಗಳು ಅಪರೂಪ. ಆದ್ದರಿಂದ "ಎರಡು ವರ್ಷದಿಂದ ಗಬ್ಬ ನಿಲ್ಲುತ್ತಿಲ್ಲ, ಒಂದು ಇಂಜೆಕ್ಷನ್ ಕೊಡಿ ಡಾಕ್ಟ್ರೇ" ಎಂದು ಮಾಲೀಕರು ಕೇಳಿದಾಗ, ದನಕ್ಕೆ ಮಾಡುವುದನ್ನೇ ಕುದುರೆಗೂ ಮಾಡಿಬಿಡುವ ಸಾಧ್ಯತೆ ಹೆಚ್ಚು. ಕರಾವಳಿಯಲ್ಲಿ ಕುದುರೆಯ ಬಂಜೆತನಕ್ಕೆ ಚಿಕಿತ್ಸೆ ಆರಂಭಿಸುವ ಮೊದಲು ಈ ದನದ ಲೆಕ್ಕವನ್ನು ಬದಿಗಿಡಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲ ವ್ಯತ್ಯಾಸ ಸಮಯದ್ದು. ದನದ ಬೆದೆ ಒಂದು ದಿನವೂ ಪೂರ್ತಿ ಇರುವುದಿಲ್ಲ, ಅಂಡ ಬಿಡುಗಡೆಯಾಗುವುದು ಬೆದೆ ಇಳಿದ ಮೇಲೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಕೃತಕ ಗರ್ಭಧಾರಣೆ ಎಂಬ ರೂಢಿ ಬಂದದ್ದು ಹೀಗೆ. ಕುದುರೆಯ ಚಕ್ರವೂ ಸುಮಾರು 21 ದಿನಗಳದ್ದೇ ಆದರೂ ಬೆದೆ 5ರಿಂದ 7 ದಿನ ಇರುತ್ತದೆ, ಮತ್ತು ಅಂಡ ಬಿಡುಗಡೆಯಾಗುವುದು ಬೆದೆ ಮುಗಿಯುವುದಕ್ಕೆ ಒಂದೆರಡು ದಿನ ಮೊದಲು. ಬೆದೆಯ ಮೊದಲ ದಿನವೇ ಗಂಡು ಕುದುರೆಯನ್ನು ಬಿಟ್ಟು ಮರುದಿನ ವಾಪಸು ಕಳುಹಿಸಿದರೆ, ಅಂಡ ಬರುವ ಹೊತ್ತಿಗೆ ವೀರ್ಯಾಣುಗಳ ಶಕ್ತಿ ಉಡುಗಿರುತ್ತದೆ. ಸ್ಕ್ಯಾನಿಂಗ್ ಯಂತ್ರವಿದ್ದರೆ ಈ ಊಹೆಯ ಆಟ ಬೇಕಾಗಿಲ್ಲ. ಅಂಡಾಶಯದಲ್ಲಿ ಅಂಡ ಬೆಳೆಯುವ ನೀರುಗುಳ್ಳೆ, ಅಂದರೆ ಕೋಶಿಕೆ, 35 ಮಿಲಿಮೀಟರ್ ದಾಟಿ, ಗರ್ಭಕೋಶದ ಒಳಪದರ ನೀರು ತುಂಬಿಕೊಂಡು ಪರದೆಯ ಮೇಲೆ ಅಡ್ಡ ಕತ್ತರಿಸಿದ ಕಿತ್ತಳೆ ಹಣ್ಣಿನ ತೊಳೆಗಳಂತೆ ಕಂಡಾಗ, ಎಚ್‌ಸಿಜಿ ಅಥವಾ ಡೆಸ್ಲೊರೆಲಿನ್ ಎಂಬ ಹಾರ್ಮೋನು ಇಂಜೆಕ್ಷನ್ ಕೊಟ್ಟರೆ ಬಹುಪಾಲು ಕುದುರೆಗಳಲ್ಲಿ 48 ಗಂಟೆಯೊಳಗೆ ಅಂಡ ಬಿಡುಗಡೆಯಾಗುತ್ತದೆ.

ಋತುಮಾನದ ಮಾತೂ ಇಲ್ಲಿಯೇ ಬರುತ್ತದೆ. ಕುದುರೆ ಹಗಲು ದೀರ್ಘವಾಗುವ ಕಾಲದಲ್ಲಿ ಬೆದೆಗೆ ಬರುವ ಪ್ರಾಣಿ. ಚಳಿದೇಶಗಳಲ್ಲಿ ಲಾಯದಲ್ಲಿ ದೀಪ ಉರಿಸಿ ದಿನಕ್ಕೆ 16 ಗಂಟೆ ಬೆಳಕು ಕೊಡುವ ಪದ್ಧತಿಯಿದೆ. ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವ ನಮ್ಮಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರವಿರುವುದರಿಂದ, ದೀಪಕ್ಕಿಂತ ಮೇವಿನ ಕಡೆ ಗಮನ ಕೊಡುವುದು ಮೇಲು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಬೈಹುಲ್ಲನ್ನು ತಿಂದು ಪಕ್ಕೆಲುಬು ಕಾಣುವಂತಾದ ಕುದುರೆಗೆ ಹಾರ್ಮೋನು ಕೊಡುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ಪರೀಕ್ಷೆಯನ್ನು ನಾನು ಬಾಲ ಎತ್ತಿ ನೋಡುವುದರಿಂದ ಆರಂಭಿಸುತ್ತೇನೆ. ಯೋನಿಯ ತುಟಿಗಳು ನೆಟ್ಟಗಿದ್ದು ಒಂದಕ್ಕೊಂದು ಬಿಗಿಯಾಗಿ ಕೂಡಿರಬೇಕು, ಅದರ ಹೆಚ್ಚಿನ ಭಾಗ ಸೊಂಟದ ಮೂಳೆಯ ಮಟ್ಟಕ್ಕಿಂತ ಕೆಳಗಿರಬೇಕು. ವಯಸ್ಸಾದ, ಸೊರಗಿದ, ಹಲವು ಮರಿ ಹಾಕಿದ ಕುದುರೆಗಳಲ್ಲಿ ಗುದದ್ವಾರ ಒಳಕ್ಕೆ ಸರಿದು ಯೋನಿಯ ಮೇಲ್ಭಾಗ ಓರೆಯಾಗುತ್ತದೆ. ಆಗ ಸಗಣಿ ಅದರ ಮೇಲೆಯೇ ಬೀಳುತ್ತದೆ. ತುಟಿಗಳನ್ನು ಮೆಲ್ಲಗೆ ಬಿಡಿಸಿದಾಗ ಗಾಳಿ ಸುಯ್ಯೆಂದು ಒಳಕ್ಕೆ ಎಳೆದುಕೊಂಡ ಸದ್ದು ಕೇಳಿದರೆ, ಕಾಯಿಲೆಯ ಅರ್ಧ ಕಥೆ ಅಲ್ಲಿಯೇ ತಿಳಿಯಿತು. ಮೇಲ್ಭಾಗವನ್ನು ಸ್ಥಳೀಯ ಅರಿವಳಿಕೆಯಲ್ಲಿ ಹೊಲಿಯುವ ಚಿಕ್ಕ ಶಸ್ತ್ರಚಿಕಿತ್ಸೆಯನ್ನು ಕ್ಯಾಸ್ಲಿಕ್ ಎಂಬ ಅಮೆರಿಕದ ವೈದ್ಯರು 1937ರಲ್ಲಿ ವಿವರಿಸಿದರು. ಇಂದಿಗೂ ಅದೇ ಸಾಕು. ಮರಿ ಹಾಕುವ ಮೊದಲು ಆ ಹೊಲಿಗೆಯನ್ನು ಬಿಡಿಸದಿದ್ದರೆ ಮಾತ್ರ ಹರಿದುಹೋಗುತ್ತದೆ ಎಂಬುದನ್ನು ಮಾಲೀಕರಿಗೆ ಬರೆದುಕೊಡಬೇಕು.

ಹೀಗೆ ಒಳಸೇರಿದ ಕೊಳೆಯಿಂದ ಹಿಡಿಯುವ ಗರ್ಭಕೋಶದ ಉರಿಯೂತವೇ ಬಂಜೆತನದ ಬಹುದೊಡ್ಡ ಕಾರಣ. ಬೆದೆಯ ಕಾಲದಲ್ಲಿ ದಾರಿಯ ಕೊಳೆ ತಾಗದಂತೆ ಕೊಳವೆಯ ಮರೆ ಇರುವ ಸ್ವಾಬ್ (ಹತ್ತಿ ಸುತ್ತಿದ ಕಡ್ಡಿ) ಬಳಸಿ ಗರ್ಭಕೋಶದಿಂದಲೇ ಮಾದರಿ ತೆಗೆದು, ಒಂದನ್ನು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ಬಿಳಿರಕ್ತಕಣಗಳನ್ನು ಹುಡುಕಬೇಕು, ಇನ್ನೊಂದನ್ನು ರೋಗಾಣು ಬೆಳೆಸಿ ಗುರುತಿಸುವ ಕಲ್ಚರಿಗೆ ಕಳುಹಿಸಬೇಕು. ಸ್ಟ್ರೆಪ್ಟೊಕಾಕಸ್ ಮತ್ತು ಇ. ಕೋಲಿ ಹೆಚ್ಚಾಗಿ ಸಿಗುವ ರೋಗಾಣುಗಳು. ಯಾವ ಆ್ಯಂಟಿಬಯಾಟಿಕ್ ಎಂಬುದನ್ನು ಆ ವರದಿಯೇ ಹೇಳಬೇಕು. ಗಬ್ಬ ನಿಲ್ಲದ ದನದ ಗರ್ಭಕೋಶಕ್ಕೆ ಲುಗೋಲ್ಸ್ ಅಯೋಡಿನ್ ಬಿಡುವ ಅಭ್ಯಾಸವನ್ನು ಕುದುರೆಗೆ ಒಯ್ಯಲೇಬಾರದು, ಏಕೆಂದರೆ ಅದರ ಒಳಪದರ ಬಹಳ ನಾಜೂಕು. ತೀಕ್ಷ್ಣವಾದ ಅಯೋಡಿನ್ನಿನಿಂದ ಅದು ಸುಟ್ಟು, ಅಂಟಿಕೊಂಡು, ಇದ್ದ ಆಸೆಯೂ ಹೋಗಬಹುದು.

ರೋಗಾಣುವೇ ಇಲ್ಲದೆ ಉರಿಯೂತ ಉಳಿಯುವುದೂ ಉಂಟು. ವೀರ್ಯ ಬಿದ್ದ ಮೇಲೆ ಪ್ರತಿ ಕುದುರೆಯ ಗರ್ಭಕೋಶವೂ ಸ್ವಲ್ಪ ಕೆರಳುತ್ತದೆ. ಆರೋಗ್ಯವಂತ ಕುದುರೆ ಒಂದೆರಡು ದಿನದಲ್ಲಿ ಆ ದ್ರವವನ್ನು ಹೊರಹಾಕುತ್ತದೆ, ವಯಸ್ಸಾದದ್ದಕ್ಕೆ ಅದು ಸಾಧ್ಯವಾಗುವುದಿಲ್ಲ. ಇಂಥ ಕುದುರೆಗೆ ಕೂಡಿಸಿದ 4ರಿಂದ 6 ಗಂಟೆಯ ನಂತರ ಬೆಚ್ಚಗಿನ ಸಲೈನನ್ನು ಒಂದೊಂದು ಲೀಟರಿನಂತೆ ಗರ್ಭಕೋಶಕ್ಕೆ ಬಿಟ್ಟು ಹಿಂದೆ ತೆಗೆಯುತ್ತೇವೆ. ಮೊದಲ ಬಾಟಲಿ ಅಕ್ಕಿ ತೊಳೆದ ನೀರಿನ ಬಣ್ಣದಲ್ಲಿ, ಎಳೆಎಳೆಯಾದ ಕೀವಿನೊಂದಿಗೆ ಬರುತ್ತದೆ. ಬೆಳಕಿಗೆ ಹಿಡಿದಾಗ ಬಾಟಲಿಯ ಆಚೆ ಬೆರಳು ಸ್ಪಷ್ಟವಾಗಿ ಕಾಣುವವರೆಗೂ ತೊಳೆದು, ಬಳಿಕ ಗರ್ಭಕೋಶವನ್ನು ಹಿಂಡಿ ಉಳಿದ ದ್ರವ ಹೊರಹಾಕಿಸುವ ಆಕ್ಸಿಟೋಸಿನ್ ಕೊಡಬೇಕು. ಅಷ್ಟು ಹೊತ್ತಿಗೆ ಬೇಕಾದ ವೀರ್ಯಾಣುಗಳು ಅಂಡನಾಳ ಸೇರಿರುತ್ತವೆ, ಭ್ರೂಣವು ಗರ್ಭಕೋಶಕ್ಕೆ ಇಳಿಯುವುದು ಅಂಡ ಬಿಡುಗಡೆಯಾಗಿ ಸುಮಾರು ಆರನೆಯ ದಿನ. ಆದ್ದರಿಂದ ತೊಳೆದರೆ ಗಬ್ಬ ಹೋಗುತ್ತದೆಂಬ ಭಯಕ್ಕೆ ಕಾರಣವಿಲ್ಲ.

ಗಬ್ಬದ ಪರೀಕ್ಷೆಗೂ ದನದಂತೆ ಎರಡು ತಿಂಗಳು ಕಾಯಬಾರದು. 14ರಿಂದ 16ನೆಯ ದಿನದೊಳಗೆ ಸ್ಕ್ಯಾನ್ ಮಾಡಿದರೆ ಅವಳಿ ಭ್ರೂಣ ಇದೆಯೇ ಎಂಬುದು ತಿಳಿಯುತ್ತದೆ. ಅವಳಿಯನ್ನು ಕುದುರೆ ಸಾಮಾನ್ಯವಾಗಿ ಹೊತ್ತು ಪೂರೈಸಲಾರದು, ಒಂದನ್ನು ಆಗಲೇ ಒತ್ತಿ ತೆಗೆಯಬೇಕು. ಹೆರಿಗೆಯಾದ ಮೇಲೆ ಮಾಸು 3 ಗಂಟೆಯೊಳಗೆ ಬೀಳದಿದ್ದರೆ ಅದು ತುರ್ತು ಸ್ಥಿತಿ. ದನಕ್ಕಾದರೆ ನಾಳೆ ಬೆಳಿಗ್ಗೆ ನೋಡೋಣ ಎನ್ನುವಂತೆ ಇಲ್ಲಿ ಎನ್ನಲಾಗದು.

ಇಷ್ಟೆಲ್ಲ ಮಾಡಿಯೂ ಗಬ್ಬ ನಿಲ್ಲದಿದ್ದರೆ ಗರ್ಭಕೋಶದ ಒಳಪದರದ ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷಿಸುವುದು, ಉಳಿದಿರುತ್ತದೆ. ಅದಕ್ಕೆ ಕುದುರೆಯನ್ನು ಲಾರಿಗೆ ಹತ್ತಿಸಿ ಶಿರಾಡಿ ಘಾಟಿ ದಾಟಿಸಬೇಕಾಗಿಲ್ಲ. ಫಾರ್ಮಲಿನ್‌ನಲ್ಲಿಟ್ಟ ಚೂರನ್ನು ರೋಗಶಾಸ್ತ್ರಜ್ಞರಿಗೆ ಕಳುಹಿಸಿದರೆ ಸಾಕು. ಅವರು ಒಳಪದರದ ಸ್ಥಿತಿಗೆ ದರ್ಜೆ ಕೊಡುತ್ತಾರೆ. ಮೊದಲ ದರ್ಜೆಯಾದರೆ ಮರಿಯ ಸಾಧ್ಯತೆ ಶೇಕಡ 80ಕ್ಕಿಂತ ಹೆಚ್ಚು. ನಾರುಗಟ್ಟಿದ ಮೂರನೆಯ ದರ್ಜೆಯಾದರೆ ಶೇಕಡ 10ರ ಆಸುಪಾಸು. ಮೂರನೆಯದು ಬಂದಾಗ ಭ್ರೂಣವನ್ನು ಬೇರೆ ಕುದುರೆಗೆ ವರ್ಗಾಯಿಸುವ ದಾರಿ ಇದೆಯಾದರೂ, ದಿಬ್ಬಣದ ಕುದುರೆಗೆ ಆ ಖರ್ಚು ಹೊಂದುವುದಿಲ್ಲ. ಇನ್ನು ಕೂಡಿಸುವುದು ಬೇಡ, ಸವಾರಿಗೆ ಇಟ್ಟುಕೊಳ್ಳಿ ಎಂದು ನಾನು ಮಾಲೀಕರಿಗೆ ನೇರವಾಗಿಯೇ ಹೇಳುತ್ತೇನೆ.