ಕಾರಿನ ಮುಂದಿನ ಚಕ್ರಕ್ಕೆ ಮಾತ್ರ ಯಾಕೆ ಈ ಮಸಿ?

ಚಾರ್ಮಾಡಿ ಘಾಟಿ ಇಳಿದು ಉಜಿರೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನೋಡಿದೆ, ಹಿಂದಿನ ದಿನವಷ್ಟೇ ತೊಳೆದ ಚಕ್ರಗಳು, ಅದೂ ಮುಂದಿನ ಎರಡು ಮಾತ್ರ, ಸೌದೆ ಒಲೆ ಮೇಲಿಟ್ಟ ಪಾತ್ರೆಯ ತಳದ ಹಾಗೆ ಕಪ್ಪಾಗಿದ್ದವು. ಬೆರಳಲ್ಲಿ ಒರೆಸಿದರೆ ನುಣ್ಣನೆ ಪುಡಿ. ಬರೀ ರಸ್ತೆ ಧೂಳಲ್ಲ ಅದು. ಬ್ರೇಕ್ ಒತ್ತಿದಾಗ ಪ್ಯಾಡು ಎಂಬ ಪಟ್ಟಿ ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಗೆ, ಅಂದರೆ ಡಿಸ್ಕಿಗೆ, ಉಜ್ಜಿ ಎರಡೂ ಚೂರು ಚೂರೇ ಸವೆಯುತ್ತವೆ, ಆ ಬಿಸಿ ಪುಡಿ ಹಾರಿ ಚಕ್ರಕ್ಕೇ ಅಂಟುತ್ತದೆ. ಆಗ ಗಾಡಿಯ ಭಾರವೂ ಮುಂದಕ್ಕೆ ವಾಲುತ್ತದೆ ಅಲ್ವಾ, ಅದಕ್ಕೇ ಮುಂದಿನ ಬ್ರೇಕಿಗೆ ಕೆಲಸ ಜಾಸ್ತಿ. ನನ್ನ ಕಾರಿನ ಹಿಂದೆ ಇರುವುದು ಡ್ರಮ್ ಬ್ರೇಕು, ಅದು ಮುಚ್ಚಿದ ಡಬ್ಬಿಯೊಳಗೇ ಉಜ್ಜುವಂಥದ್ದು, ಪುಡಿ ಬಹುಪಾಲು ಒಳಗೇ ಉಳಿಯುತ್ತದೆ. ಪುಡಿಯಲ್ಲಿ ಕಬ್ಬಿಣ ಇರುವುದರಿಂದ ಮಳೆನೀರು ತಾಗಿದರೆ ತುಕ್ಕು ಹಿಡಿದು ಕಂದು ಚುಕ್ಕೆ ಕೂರುತ್ತದೆ, ಆಮೇಲೆ ಸುಮ್ನೆ ನೀರು ಹೊಡೆದರೆ ಹೋಗುವುದಿಲ್ಲ. ತಪ್ಪು ನನ್ನದೂ ಇದೆ ಬಿಡಿ. ಎಂಜಿನ್ನೇ ವೇಗ ತಡೆಯುವ ಹಾಗೆ ಎರಡನೇ ಗೇರಿನಲ್ಲಿ ಇಳಿಯುವುದು ಬಿಟ್ಟು ಘಾಟಿ ಪೂರ್ತಿ ಬ್ರೇಕ್ ಮೇಲೆ ಕಾಲಿಟ್ಟೇ ಬಂದಿದ್ದೆ.